ರಾಜಧಾನಿಯಿಂದ ಉತ್ತರ ಬಂದಿಲ್ಲ

ನನಗೆ ಮೂಗಿನ ತುದಿಯಲ್ಲೇ ಕೋಪ. ತರಗತಿಯಲ್ಲಿ ನನ್ನ ಅಡ್ಡಹೆಸರು ಪಟಾಕಿ. ಅಂಥ ನಾನು, ಮೂರೇ ದಿನದಲ್ಲಿ ನನಗೆ ಮಣ್ಣು ಮುಕ್ಕಿಸಿದ ಹೆಂಗಸನ್ನು ಹೊಗಳಲು ಕೂತಿದ್ದೇನೆ ಎಂದರೆ ನನ್ನನ್ನು ಬಲ್ಲವರು ನಂಬಲಿಕ್ಕಿಲ್ಲ. ನಂಬದಿದ್ದರೆ ಬಿಡಲಿ, ನಾನಂತೂ ಹೊಗಳುವವಳೇ.

ಆಧುನಿಕ ಇತಿಹಾಸ ಮತ್ತು ಅಂತರರಾಷ್ಟ್ರೀಯ ರಾಜಕೀಯದ ಎಂ.ಎ. ಕೊನೆಯ ವರ್ಷದಲ್ಲಿ ನಾವು ಹನ್ನೊಂದು ಜನ ಇದ್ದೆವು. ಮೂರನೇ ಮಹಡಿಯ ಮೂಲೆ ಕೋಣೆ, ಒಂದೇ ವೇಗ ಗೊತ್ತಿದ್ದ ಫ್ಯಾನು, ಒಂದು ಕಾಲು ಗಿಡ್ಡವಾಗಿದ್ದ ಉದ್ದನೆಯ ಮೇಜು. ಆ ಕಾಲಿನ ಕೆಳಗೆ ಯಾರೋ ಹಳೆಯ ಪ್ರಶ್ನೆಪತ್ರಿಕೆಗಳನ್ನು ಮಡಿಸಿ ತುರುಕಿದ್ದರು. ನಾನು ಈ ವಿಷಯ ಓದುತ್ತೇನೆ ಎಂದಾಗ ಚಿಕ್ಕಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. "ಸತ್ತವರ ಜಗಳ ಓದಿ ಬದುಕಿರೋರಿಗೆ ಏನೇ ಬಂತು?" ಅವರದೊಂದು ಟ್ರಾವೆಲ್ಸ್ ಆಫೀಸು ಇತ್ತು. ಅಲ್ಲಿ ಟಿಕೆಟ್ ಬುಕ್ ಮಾಡುವ ಕುರ್ಚಿಯೊಂದನ್ನು ಎರಡು ವರ್ಷದಿಂದ ನನಗೆಂದೇ ಒರೆಸಿ ಇಟ್ಟಿದ್ದರು. ಅಪ್ಪ ಲಿಫ್ಟ್ ಮೆಕ್ಯಾನಿಕ್, ಮಾತು ಕಡಿಮೆ. ಅವರು ಒಂದೇ ಸಲ ಹೇಳಿದ್ದು: "ಸಂಶೋಧನೆಗೆ ಸೀಟು ಸಿಕ್ಕಿದ್ರೆ ಓದು, ನಾನಿದ್ದೀನಿ. ಸಿಗದಿದ್ರೆ ಚಿಕ್ಕಪ್ಪನ ಹತ್ತಿರ ಕೆಲಸಕ್ಕೆ ಹೋಗು. ಆಮೇಲೆ ಅಳಬಾರದು."

ಆಯಿತು ಎಂದಿದ್ದೆ. ನಮ್ಮ ವಿಭಾಗದಲ್ಲಿ ಆ ವರ್ಷ ಸಂಶೋಧನೆಗೆ ಇದ್ದದ್ದು ಒಂದೇ ಸೀಟು. ಮೂರು ಸೆಮಿಸ್ಟರಿನಲ್ಲಿ ನಾನೇ ಮೊದಲು. ಹಾಗಾಗಿ ಅದು ನನ್ನದೇ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ.

ಎರಡನೆಯ ಸ್ಥಾನದಲ್ಲಿ ಇದ್ದವರು ಅಕ್ಕ. ನಲವತ್ತನಾಲ್ಕು ವರ್ಷ, ಪಿಂಚಣಿ ಕಚೇರಿಯ ಕೌಂಟರಿನಲ್ಲಿ ಇಪ್ಪತ್ತೆರಡು ವರ್ಷ ಕೂತು, ಓದಲೆಂದು ರಜೆ ಹಾಕಿ ಬಂದವರು. ಅವರ ಮಗಳು ನಮಗಿಂತ ಎರಡು ವರ್ಷ ಚಿಕ್ಕವಳು. ಎದುರಿಗೆ ಎಲ್ಲರೂ ಅಕ್ಕ ಎನ್ನುತ್ತಿದ್ದೆವು, ಹಿಂದಿನಿಂದ ಕೌಂಟರ್ ಅಕ್ಕ. ಟಿಪ್ಪಣಿಗಳಿಗೆ ತೂತು ಹೊಡೆದು ಟ್ಯಾಗ್ ದಾರ ಕಟ್ಟುವುದು, ಒಪ್ಪಂದಗಳನ್ನು ಕೊನೆಯ ಪುಟದಿಂದ ಓದುವುದು, ಪ್ರತಿ ಹಾಳೆಯ ಮೂಲೆಗೂ ನಂಬರು ಹಾಕುವುದು, ಎಲ್ಲವೂ ನಮಗೆ ತಮಾಷೆಯಾಗಿತ್ತು. ನಾನು ಅವರ ನಡಿಗೆಯನ್ನೂ ಅಣಕಿಸಿದ್ದೇನೆ. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಒಂದು ದಿನ ನಮ್ಮ ಪ್ರೊಫೆಸರು ಒಂದು ಹಳೆಯ ಪತ್ರದ ನಕಲನ್ನು ಹಂಚಿ, ಯುದ್ಧ ಶುರುವಾಗುವ ಮುಂಚೆಯೇ ಮಂತ್ರಿಗೆ ಸುದ್ದಿ ಗೊತ್ತಿತ್ತೇ ಎಂದು ಕೇಳಿದರು. ಪತ್ರದ ಮೇಲೆ ತಾರೀಕು ಇತ್ತು, ಯುದ್ಧಕ್ಕೆ ನಾಲ್ಕು ದಿನ ಮುಂಚಿನದು. ಗೊತ್ತಿತ್ತು ಎಂದು ನಾವೆಲ್ಲ ಒಂದೇ ಬಾಯಲ್ಲಿ ಕೂಗಿದೆವು. ಅಕ್ಕ ಹಾಳೆಯನ್ನು ತಿರುಗಿಸಿ ನೋಡಿ ಕೈ ಎತ್ತಿದರು.

"ಮೇಡಂ, ಇದು ಆವಕ ಆಗಿದ್ದು ಯಾವತ್ತು?"

ನಾವು ಕಿಸಕ್ಕೆಂದೆವು. ಮೇಡಂ ನಗಲಿಲ್ಲ, ಸೀಮೆಸುಣ್ಣ ಕೆಳಗಿಟ್ಟರು. ಅಕ್ಕ ಹೇಳಿದರು, "ಬರೆದ ತಾರೀಕು ಬರೆದವನಿಗೆ ಸೇರಿದ್ದು. ಓದಿದವನಿಗೆ ಸೇರಿದ್ದು ಆವಕದ ಮೊಹರು. ಹಿಂದುಗಡೆ ಮಸುಕಾಗಿ ಇದೆ, ನೋಡಿ. ಆರು ದಿನ ಆದ್ಮೇಲೆ ಬಂದಿದೆ." ಹಾಳೆ ತಿರುಗಿಸಿದೆವು. ಮಾಸಿದ ದುಂಡು ಮೊಹರು ಅಲ್ಲೇ ಇತ್ತು. ಮಂತ್ರಿಗೆ ಏನೂ ಗೊತ್ತಿರಲಿಲ್ಲ. ಆ ದಿನ ನನಗೆ ಮೆಚ್ಚುಗೆ ಆಗಬೇಕಿತ್ತು, ಆದದ್ದು ಹೊಟ್ಟೆಕಿಚ್ಚು.

ಮೇಡಂ ಬಗ್ಗೆಯೂ ಹೇಳಬೇಕು. ಅವರನ್ನು ಗಂಟೆ ಮೇಡಂ ಎನ್ನುತ್ತಿದ್ದೆವು. ಅದಕ್ಕೆ ಕಾರಣ ಕೊನೆಯ ಸೆಮಿಸ್ಟರಿನ 'ಮೇಜು'. ಪ್ರತಿ ವರ್ಷ ಮೂರು ದಿನ, ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ, ಒಂದು ಹಳೆಯ ಸಂಧಾನವನ್ನು ನಾವು ಮತ್ತೆ ನಡೆಸಬೇಕು. ಯಾರು ಯಾವ ದೇಶ ಎಂಬುದಕ್ಕೆ ಚೀಟಿ ಎತ್ತುವುದು. ಹಲಗೆಯ ಮೇಲೆ ಮೇಡಂ ಆ ಕಾಲದ ತಾರೀಕನ್ನು ಬರೆಯುತ್ತಾರೆ. ಅಲ್ಲಿಂದಾಚೆಗೆ ನಿಯಮ ಒಂದೇ: ಆ ದಿನ ಆ ಕುರ್ಚಿಯಲ್ಲಿ ಕೂತವನಿಗೆ ಏನು ಗೊತ್ತಿತ್ತೋ ಅಷ್ಟನ್ನೇ ಮಾತಾಡಬೇಕು. ಮುಂದೆ ನಡೆದದ್ದು ಬಾಯಿ ತಪ್ಪಿ ಬಂದರೂ ಮೇಡಂ ಹಿತ್ತಾಳೆ ಗಂಟೆ ಹೊಡೆಯುತ್ತಾರೆ. ಗಂಟೆಯಾದರೆ ಕುರ್ಚಿ ಬಿಟ್ಟು ಏಳಬೇಕು, ಅಂಕ ಸೊನ್ನೆ. ನೂರಕ್ಕೆ ನಲವತ್ತು ಈ ಮೇಜಿಗೇ. ಸೀಟಿನ ಹಣೆಬರಹವೂ ಇಲ್ಲೇ.

ಕೇಳಲು ಸುಲಭ. ಕೂತು ನೋಡಿದವರಿಗೆ ಗೊತ್ತು. ಎರಡು ವರ್ಷ ಮುಂದೇನಾಯಿತು ಎಂಬುದನ್ನೇ ಓದಿ ಓದಿ ತಲೆಗೆ ತುಂಬಿಕೊಂಡವರು, ಅದನ್ನೆಲ್ಲ ಬಾಗಿಲ ಹೊರಗೆ ಬಿಟ್ಟು ಬರಬೇಕು. ನಮ್ಮ ಹಿಂದಿನ ತಂಡದಲ್ಲಿ ನಾಲ್ವರು ಗಂಟೆಗೆ ಬಲಿಯಾಗಿದ್ದರು, ಎಲ್ಲರೂ ಜಾಣರೇ. ಓದದವರಿಗೆ ಈ ಅಪಾಯವೇ ಇಲ್ಲ.

ಆ ವರ್ಷದ ಸಂಧಾನ ಒಂದು ದೊಡ್ಡ ದೇಶ, ಒಂದು ಚಿಕ್ಕ ದೇಶ, ಒಂದು ಬಂದರಿನದು. ಹೆಸರು ಹೇಳಿದರೆ ಇವತ್ತಿಗೂ ಜಗಳಕ್ಕೆ ನಿಲ್ಲುವವರಿದ್ದಾರೆ, ಆದ್ದರಿಂದ ದೊಡ್ಡದು, ಚಿಕ್ಕದು ಎಂದಷ್ಟೇ ಇರಲಿ. ಬಂದರನ್ನು ಮೂವತ್ತು ವರ್ಷ ದೊಡ್ಡ ದೇಶದ ಹಡಗುಗಳಿಗೆ ಬಿಟ್ಟುಕೊಡಬೇಕು ಎಂಬುದು ಏಳನೆಯ ಕಲಮು. ಇತಿಹಾಸದಲ್ಲಿ ಚಿಕ್ಕ ದೇಶ ಮೂರನೆಯ ದಿನ ಮಧ್ಯಾಹ್ನ ಸಹಿ ಹಾಕಿತು. ಎಂಟು ತಿಂಗಳಲ್ಲಿ ಅದರ ರಾಜಧಾನಿಯೇ ಪರರ ವಶವಾಯಿತು. ಚೀಟಿ ಎತ್ತಿದಾಗ ನನಗೆ ದೊಡ್ಡ ದೇಶ ಬಂತು, ಅಕ್ಕನಿಗೆ ಚಿಕ್ಕದು. ಅಧ್ಯಕ್ಷತೆಯ ತಟಸ್ಥ ದೇಶ ನಮ್ಮ ತರಗತಿಯ ಉದ್ದನೆಯವನಿಗೆ ಬಂತು. ಉಳಿದವರಲ್ಲಿ ಇಬ್ಬರು ನನ್ನ ಮಿತ್ರರಾಷ್ಟ್ರಗಳು, ಒಬ್ಬಳು ನಡಾವಳಿ ಬರೆಯುವವಳು, ಮಿಕ್ಕವರು ಸಲಹೆಗಾರರು. ನನಗೆ ನಗು ತಡೆಯಲಾಗಲಿಲ್ಲ. ಸಹಿ ತೆಗೆದುಕೊಳ್ಳುವುದಷ್ಟೇ ನನ್ನ ಕೆಲಸ, ಇತಿಹಾಸವೇ ನನ್ನ ಕಡೆ ಇತ್ತು.

ಮೊದಲ ದಿನ ನಾನು ಗೋಡೆಗೆ ದೊಡ್ಡ ನಕ್ಷೆ ತೂಗುಹಾಕಿದೆ. ರಾತ್ರಿಯೆಲ್ಲ ಬಣ್ಣ ಬಳಿದಿದ್ದೆ. ಇಪ್ಪತ್ತು ನಿಮಿಷ ಭಾಷಣ ಬಿಗಿದು ಕೂತೆ. ಅಕ್ಕ ಕನ್ನಡಕ ಸರಿಮಾಡಿಕೊಂಡು ನಕ್ಷೆಯ ಹತ್ತಿರ ಹೋದರು.

"ಅಧ್ಯಕ್ಷರೇ, ಸಹಿ ಆಗೋ ಮುಂಚೆನೇ ನಮ್ಮ ಬಂದರಿಗೆ ಅವರ ಬಣ್ಣ ಬಂದುಬಿಟ್ಟಿದೆ. ಈ ನಕ್ಷೆ ಮುಂದೆ ನಾನು ಮಾತಾಡಿದ್ರೆ ಒಪ್ಪಿದ ಹಾಗಾಗುತ್ತೆ. ಸರಿ ಮಾಡಿ ಕೊಡಿ, ಕಾಯ್ತೀನಿ."

ಮೇಡಂ ಮೂಲೆಯಲ್ಲಿ ಏನೋ ಬರೆದುಕೊಂಡರು. ನಕ್ಷೆ ಮತ್ತೆ ಬರೆದು ಬಣ್ಣ ಹಾಕುವುದರಲ್ಲಿ ನನ್ನ ಅರ್ಧ ದಿನ ಹೋಯಿತು. ಅಷ್ಟು ಹೊತ್ತೂ ಅಕ್ಕ ಕೈ ಕಟ್ಟಿಕೊಂಡು ಕೂತಿದ್ದರು, ಅವಸರವೂ ಇಲ್ಲ, ಬೇಸರವೂ ಇಲ್ಲ.

ಎರಡನೆಯ ದಿನ ತಂತಿಗಳು ಶುರುವಾದವು. ಪ್ರತಿನಿಧಿ ತನ್ನ ರಾಜಧಾನಿಗೆ ತಂತಿ ಕಳಿಸಬಹುದು ಎಂದು ನಿಯಮದಲ್ಲಿತ್ತು. ಚೀಟಿ ಬರೆದು ಪಕ್ಕದ ಕೋಣೆಯ ಮರದ ಪೆಟ್ಟಿಗೆಗೆ ಹಾಕಿದರೆ, ಒಂದು ಗಂಟೆಯ ನಂತರ ಮೇಡಂ ಸಂಪುಟದ ಪರವಾಗಿ ಉತ್ತರ ಬರೆದು ಕೊಡುತ್ತಾರೆ. ಎಷ್ಟೋ ವರ್ಷದಿಂದ ಆ ಪೆಟ್ಟಿಗೆಯನ್ನು ಯಾರೂ ಸರಿಯಾಗಿ ಬಳಸಿರಲಿಲ್ಲ. ಭಾಷಣ ಮಾಡುವುದಕ್ಕೇ ಎಲ್ಲರಿಗೂ ಹೊತ್ತು ಸಾಲುತ್ತಿರಲಿಲ್ಲ. ಅಕ್ಕ ಒಂದೇ ದಿನ ಐದು ತಂತಿ ಕಳಿಸಿದರು. ಬಂದರು ಎಂದರೆ ನೀರು ಮಾತ್ರವೋ, ದಡದ ಗೋದಾಮುಗಳೂ ಸೇರಿಯೋ? ಮೂವತ್ತು ವರ್ಷ ಎಣಿಸುವುದು ಸಹಿಯಾದ ದಿನದಿಂದಲೋ, ಮೊದಲ ಹಡಗು ಬಂದ ದಿನದಿಂದಲೋ? ಅಲ್ಲಿನ ದೀಪಸ್ತಂಭದ ಕಾವಲುಗಾರ ಯಾರ ನೌಕರ?

ನಾನು ಗುಡುಗಿದಾಗೆಲ್ಲ ಅವರದು ಒಂದೇ ಮಾತು. "ರಾಜಧಾನಿಯಿಂದ ಉತ್ತರ ಬಂದಿಲ್ಲ."

"ನಿಮ್ಮ ಸ್ವಂತ ಅಭಿಪ್ರಾಯ ಹೇಳಿ ಸಾಕು!"

"ಈ ಕುರ್ಚಿಗೆ ಸ್ವಂತ ಅಭಿಪ್ರಾಯ ಇರೋಲ್ಲ, ಮಾನ್ಯರೇ. ಉತ್ತರ ಬರಲಿ."

ನನ್ನ ತಲೆ ಚಿಟ್ಟುಹಿಡಿಯಿತು. ಉತ್ತರ ಬರೆದು ಬರೆದು ಮೇಡಂ ಸಂಜೆಗೆ ಬೆರಳು ನೀವಿಕೊಳ್ಳುತ್ತಿದ್ದರು, ಆದರೆ ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಹಿಂದೆ ಕಂಡಿರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಬಂತು, ಹೋಯಿತು. ಇತಿಹಾಸದಲ್ಲಿ ಸಹಿ ಬಿದ್ದ ಗಳಿಗೆ ನಮ್ಮ ಮೇಜಿನ ಮೇಲಿಂದ ಸುಮ್ಮನೆ ದಾಟಿಹೋಯಿತು. ನಾಲ್ಕೂವರೆಗೆ ಅಕ್ಕ ಇನ್ನೊಂದು ಚೀಟಿ ಬರೆಯಲು ಪೆನ್ನಿನ ಮುಚ್ಚಳ ತೆಗೆದರು. ಆ ತಂತಿಗೆ ಉತ್ತರ ಬರುವಷ್ಟರಲ್ಲಿ ಐದು ದಾಟಿ ಮೇಜು ಮುಗಿದಿರುತ್ತದೆ. ನನ್ನ ಸೀಟು, ಅಪ್ಪನ ಮಾತು, ಚಿಕ್ಕಪ್ಪನ ಒರೆಸಿಟ್ಟ ಕುರ್ಚಿ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದು ನಾನು ಮೇಜು ಗುದ್ದಿ ಎದ್ದೆ.

"ಬರೀರಿ, ಎಷ್ಟು ಬೇಕೋ ಬರೀರಿ! ಇನ್ನು ಎಂಟು ತಿಂಗಳಿಗೆ ನಿಮ್ಮ ರಾಜಧಾನಿನೇ ಇರೋಲ್ಲ, ಉತ್ತರ ಬರೆಯೋಕೆ!"

ಆಡಿದ ಮೇಲೆ ನನಗೇ ಕೇಳಿಸಿತು. ಎಂಟು ತಿಂಗಳು. ಅದು ಪುಸ್ತಕದಲ್ಲಿ ಓದಿದ್ದು, ಆ ದಿನ ಆ ಕುರ್ಚಿಯವನಿಗೆ ಗೊತ್ತಿರಲು ಸಾಧ್ಯವೇ ಇಲ್ಲದ ಮಾತು. ಮೇಡಂ ಕೈ ಗಂಟೆಯ ಕಡೆ ಹೋಗುತ್ತಿರುವುದು ಕಂಡಿತು. ನನ್ನ ಎರಡು ವರ್ಷ ಆ ಕೈಯ ಕೆಳಗಿತ್ತು.

"ಅಧ್ಯಕ್ಷರೇ," ಎಂದರು ಅಕ್ಕ. ಧ್ವನಿ ಏರಿಸಲಿಲ್ಲ. "ದೊಡ್ಡ ದೇಶದ ಪ್ರತಿನಿಧಿಗಳು ಎಂಟು ತಿಂಗಳಲ್ಲಿ ನಮ್ಮ ರಾಜಧಾನಿಯನ್ನ ಇಲ್ಲದ ಹಾಗೆ ಮಾಡ್ತೀವಿ ಅಂತ ತುಂಬಿದ ಸಭೆಯಲ್ಲಿ ಬೆದರಿಕೆ ಹಾಕಿದ್ದಾರೆ. ದಯವಿಟ್ಟು ನಡಾವಳಿಯಲ್ಲಿ ದಾಖಲಾಗಲಿ. ತಾರೀಕು, ಗಂಟೆ ಸಮೇತ."

ಮೇಡಂ ಕೈ ಗಾಳಿಯಲ್ಲೇ ನಿಂತಿತು. ಉದ್ದನೆಯವನು ನನ್ನನ್ನು ನೋಡಿ ಗಂಟಲು ಸರಿಮಾಡಿಕೊಂಡ. "ಮಾನ್ಯ ಪ್ರತಿನಿಧಿಗಳು ಸ್ಪಷ್ಟಪಡಿಸಬೇಕು. ನೀವು ಆಡಿದ್ದು ಬೆದರಿಕೆಯೋ, ಅಲ್ಲವೋ?"

ಅಲ್ಲ ಎಂದರೆ ಅದು ಭವಿಷ್ಯ, ಗಂಟೆ ಬೀಳುತ್ತದೆ. ಹೌದು ಎಂದರೆ ಸಹಿ ಕೈತಪ್ಪುತ್ತದೆ. ನಾನು ಬೆಪ್ಪಾಗಿ ಅಕ್ಕನ ಮುಖ ನೋಡಿದೆ. ಅವರು ಪೆನ್ನಿಗೆ ಮುಚ್ಚಳ ಹಾಕಿ, ಟಿಕೆಟಿಗೆ ಕಾಯುವವರ ಹಾಗೆ ನನ್ನ ಉತ್ತರಕ್ಕೆ ಕಾಯುತ್ತಿದ್ದರು.

"ಹೌದು," ಎಂದೆ. "ಬೆದರಿಕೆ."

ನನ್ನ ಎರಡು ಮಿತ್ರರಾಷ್ಟ್ರಗಳು ಒಂದರ ಹಿಂದೊಂದು ಕುರ್ಚಿ ಹಿಂದಕ್ಕೆಳೆದವು. ಬೆದರಿಕೆ ದಾಖಲಾದ ಮೇಜಿನಲ್ಲಿ ತಾವು ಸಹಿಗೆ ಒತ್ತಾಯಿಸುವುದಿಲ್ಲ ಎಂದವು. ಅಧ್ಯಕ್ಷರು ಸಭೆಯನ್ನು ಮುಂದೂಡಿದರು. ಐದು ಗಂಟೆಯಾಯಿತು. ಏಳನೆಯ ಕಲಮಿನ ಕೆಳಗೆ ಸಹಿಯ ಜಾಗ ಖಾಲಿಯಾಗಿಯೇ ಉಳಿಯಿತು.

ಮೇಡಂ ಹಲಗೆಯ ಮೇಲಿನ ಹಳೆಯ ತಾರೀಕನ್ನು ಒರೆಸಿ ನಮ್ಮ ಕಡೆ ತಿರುಗಿದರು. "ಅವತ್ತು ಆ ದೇಶದವರು ಇಷ್ಟು ಹೊತ್ತು ಕೂತಿದ್ದಿದ್ರೆ ಏನಾಗ್ತಿತ್ತು? ನಂಗೆ ಗೊತ್ತಿಲ್ಲ. ಮೂವತ್ತು ವರ್ಷದಿಂದ ಇದನ್ನ ಪಾಠ ಮಾಡ್ತಿದ್ದೀನಿ, ಬೇರೆ ದಾರಿನೇ ಇರಲಿಲ್ಲ ಅಂತ ಬರೆದೂ ಇದ್ದೀನಿ. ಇವತ್ತಿಂದ ಹಾಗೆ ಬರೆಯೋಕೆ ಕೈ ಬರೋಲ್ಲ." ಅವರು ಅಕ್ಕನಿಗೆ ಕೈ ಮುಗಿದದ್ದನ್ನು ನಾನು ಕಣ್ಣಾರೆ ಕಂಡೆ. ಅಷ್ಟು ಓದಿದ ಹೆಂಗಸು ತನ್ನ ವಿದ್ಯಾರ್ಥಿನಿಗೆ ಹಾಗೆ ಕೈ ಮುಗಿಯಬೇಕಾದರೆ ಅವರ ಮನಸ್ಸೂ ಎಂಥದ್ದಿರಬೇಕು.

ಮೆಟ್ಟಿಲಲ್ಲಿ ನಾನು ಅಕ್ಕನನ್ನು ಅಡ್ಡಗಟ್ಟಿದೆ. ಕೋಪ ಇನ್ನೂ ಇಳಿದಿರಲಿಲ್ಲ.

"ನೀವು ನನ್ನ ಉಳಿಸಿದ್ರಾ, ಸೋಲಿಸಿದ್ರಾ?"

"ಎರಡೂ ಆಯ್ತಲ್ಲ," ಎಂದು ನಕ್ಕರು. ಆಮೇಲೆ ಮೆಟ್ಟಿಲ ಮೇಲೇ ಕೂತರು. "ನೋಡು, ಇಪ್ಪತ್ತೆರಡು ವರ್ಷ ನಾನು ಕೌಂಟರಿನ ಒಳಗಡೆ ಕೂತಿದ್ದೆ. ಹೊರಗಡೆ ನಿಂತವರಲ್ಲಿ ಕೂಗಾಡಿದವರು ಕೂಗಾಡಿ ಹೋಗ್ತಿದ್ರು. ಅತ್ತವರು ಅತ್ತು ಹೋಗ್ತಿದ್ರು. ನಮಗೇನೂ ಆಗ್ತಿರಲಿಲ್ಲ. ಒಬ್ಬಜ್ಜಿ ಬಂದ್ರು. ಯಾವ ನಿಯಮದಲ್ಲಿ ಇಲ್ಲ ಅಂತೀಯಮ್ಮ, ಬರೆದು ಕೊಡು, ಕೂತಿರ್ತೀನಿ ಅಂದ್ರು. ಕೂತೇ ಬಿಟ್ರು. ಮೂರು ದಿನ. ನಂಗೆ ನಿಯಮದ ಪುಸ್ತಕ ತೆಗೆದು ಓದಲೇಬೇಕಾಯ್ತು. ಓದಿದ್ರೆ ತಪ್ಪು ನಮ್ಮದೇ. ಕೈಯಲ್ಲಿ ಏನೂ ಇಲ್ಲದವರಿಗೆ ಎದ್ದು ಹೋಗದೆ ಕೂತಿರೋದೊಂದು ಇರುತ್ತೆ ಕಣೇ. ಚಿಕ್ಕ ದೇಶದ ಚೀಟಿ ಬಂದಾಗ ನಂಗೆ ಆ ಅಜ್ಜಿ ನೆನಪಾದ್ರು."

"ಮತ್ತೆ ಗಂಟೆ ಹೊಡೆಯೋಕೆ ಬಿಟ್ಟಿದ್ರೆ ಸೀಟು ನಿಮಗೇ ಸಲೀಸಾಗಿ ಬರ್ತಿತ್ತು."

"ಬರ್ತಿತ್ತು. ಆದ್ರೆ ನಿನ್ನನ್ನ ಮೇಜಿಂದ ಎಬ್ಬಿಸಿಬಿಟ್ರೆ ನಾನು ಯಾರ ಹತ್ತಿರ ಗೆದ್ದ ಹಾಗಾಯ್ತು?"

ಅಲ್ಲಿಗೆ ನನ್ನ ಕೋಪ ಎಲ್ಲಿ ಹೋಯಿತೋ ಗೊತ್ತಿಲ್ಲ. ಎರಡು ವರ್ಷದಲ್ಲಿ ಮೊದಲ ಸಲ ಅವರ ಪಕ್ಕ ಕೂತೆ.

ಅಂಕಗಳು ಬಂದವು. ಮೇಜಿಗೆ ಅಕ್ಕನಿಗೆ ಮೂವತ್ತೆಂಟು, ನನಗೆ ಇಪ್ಪತ್ತೊಂಬತ್ತು. ಒಟ್ಟಿನಲ್ಲಿ ಅವರು ಮೊದಲು, ನಾನು ಎರಡನೆಯವಳು. ವಿಶ್ವವಿದ್ಯಾಲಯದ ಕಚೇರಿ ಸಂಶೋಧನಾ ಸೀಟಿನ ಪಟ್ಟಿ ಅಂಟಿಸಿತು: ಅಕ್ಕನ ಹೆಸರು, ಅದರ ಕೆಳಗೆ ಗೀಟು, ಮುಕ್ತಾಯದ ಮೊಹರು. ಮನೆಯಲ್ಲಿ ಹೇಳಿದೆ. ಅಪ್ಪ ಸ್ಪ್ಯಾನರು ಒರೆಸುತ್ತಿದ್ದವರು ಒರೆಸುತ್ತಲೇ ಇದ್ದರು. "ಯಾರ ಹತ್ತಿರ ಸೋತೆ?" ಎಂದು ಕೇಳಿದರು. ಹೇಳಿದೆ, ಅಜ್ಜಿಯ ಕಥೆಯನ್ನೂ ಸೇರಿಸಿ. ಪೂರ್ತಿ ಕೇಳಿ, "ಒಳ್ಳೆಯವರ ಹತ್ತಿರನೇ ಸೋತಿದ್ದೀಯ," ಎಂದರು. ಅಳಬಾರದು ಎಂಬ ಮಾತಿತ್ತು, ಬಚ್ಚಲಿಗೆ ಹೋಗಿ ಅತ್ತೆ. ಸೋಮವಾರದಿಂದ ಬಾ ಎಂದು ಚಿಕ್ಕಪ್ಪ ಫೋನು ಮಾಡಿದರು.

ಶುಕ್ರವಾರ ಬೆಳಗ್ಗೆ ಅಕ್ಕ ನಮ್ಮ ಮನೆಗೇ ಬಂದರು. ಕೈಯಲ್ಲಿ ಟ್ಯಾಗ್ ದಾರ ಕಟ್ಟಿದ ಎರಡು ಹಾಳೆ, ಸಂಶೋಧನಾ ಪ್ರವೇಶದ ನಿಯಮಗಳ ನಕಲು. "ಹನ್ನೊಂದನೇ ನಿಯಮ ಓದು."

ಓದಿದೆ. ಸೇವೆಯಲ್ಲಿದ್ದು ರಜೆಯ ಮೇಲೆ ಬಂದ ಅಭ್ಯರ್ಥಿಗೆ ನೀಡುವ ಸೀಟನ್ನು ಸಾಮಾನ್ಯ ಸೀಟುಗಳ ಲೆಕ್ಕಕ್ಕೆ ಹಿಡಿಯತಕ್ಕದ್ದಲ್ಲ. ಅಂದರೆ ಅಕ್ಕನದು ಹೆಚ್ಚುವರಿ. ವಿಭಾಗದ ಸೀಟು ಇನ್ನೂ ಖಾಲಿ, ಅದು ಎರಡನೆಯವಳದು.

"ಇದು ನಿಮಗೆ ಮೊದಲೇ ಗೊತ್ತಿತ್ತಾ? ಹೇಳಲೇ ಇಲ್ವಲ್ಲ!"

"ಸೇರೋ ಮುಂಚೆನೇ ಓದಿದ್ದೆ. ಆದ್ರೆ ಪಟ್ಟಿ ಹಾಕುವಾಗ ಅವರು ತಪ್ಪು ಮಾಡ್ತಾರೆ ಅಂತ ಮುಂಚೆನೇ ಹೇಗೆ ಹೇಳಲಿ? ಗಂಟೆ ಹೊಡೆದುಬಿಡ್ತಾರಪ್ಪ."

ನೀವೂ ಬನ್ನಿ ಎಂದು ಕರೆದೆ. ತಲೆ ಅಲ್ಲಾಡಿಸಿದರು. "ನಾನು ಬಂದ್ರೆ ಅದು ಶಿಫಾರಸು. ನೀನೇ ಕೂರಬೇಕು. ಕೂಗಾಡಬೇಡ, ಅಷ್ಟೇ."

ವಿಶ್ವವಿದ್ಯಾಲಯದ ಕಚೇರಿಯ ನಾಲ್ಕನೆಯ ಕೌಂಟರಿನ ಗುಮಾಸ್ತರು ನಾನು ಬರೆದೊಯ್ದ ಅರ್ಜಿಯನ್ನು ಮುಟ್ಟಲೂ ಇಲ್ಲ. "ಪಟ್ಟಿ ಮುಗಿದಿದೆ. ಮುಂದಿನ ವರ್ಷ ನೋಡಿ." ಬಾಯಿಯವರೆಗೆ ಬಂದ ಮಾತನ್ನು ನುಂಗಿದೆ. ನುಂಗುವುದು ಎಷ್ಟು ಕಷ್ಟ ಎಂದು ನನ್ನಂಥವರಿಗೇ ಗೊತ್ತು.

"ಯಾವ ನಿಯಮದಲ್ಲಿ ಮುಗಿದಿದೆ ಸಾರ್? ಬರೆದು ಕೊಡಿ. ಈ ಅರ್ಜಿಗೆ ಆವಕದ ಮೊಹರು ಹಾಕಿ ಕೊಡಿ. ನಾನು ಇಲ್ಲೇ ಕೂತಿರ್ತೀನಿ."

ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂತೆ. ಹನ್ನೆರಡಾಯಿತು. ಅವರು ಊಟಕ್ಕೆ ಹೋಗಿ ಬಂದರು, ನಾನು ಅಲ್ಲೇ. ಎರಡು ಗಂಟೆಗೆ ಮೊಹರು ಬಿತ್ತು, ದಬ್ಬೆಂದು, ಬೈಗುಳದಂತೆ. ಮೂರಕ್ಕೆ ನನ್ನನ್ನು ನೋಡದಂತೆ ನೋಡಿದರು. ನಾಲ್ಕಕ್ಕೆ ಕಪಾಟಿನಿಂದ ನಿಯಮದ ಪುಸ್ತಕ ಕೆಳಗಿಳಿಯಿತು, ಧೂಳು ಕೊಡವಿದರು. ಒಂದು ಪುಟದ ಮೇಲೆ ಅವರ ಬೆರಳು ನಿಂತಿತು. ಮತ್ತೆ ಮೊದಲಿಂದ ಓದಿದರು. ಆಮೇಲೆ ಕನ್ನಡಕ ತೆಗೆದು ನನ್ನ ಕಡೆ ನೋಡಿದರು. ಆ ನೋಟದಲ್ಲಿ ಸಿಟ್ಟು ಇರಲಿಲ್ಲ.

"ನೀವು ಇಲ್ಲಿಂದ ಹೋಗೋಲ್ಲ ಅಲ್ವಾ?"

"ರಾಜಧಾನಿಯಿಂದ ಉತ್ತರ ಬರೋವರೆಗೂ ಇಲ್ಲ ಸಾರ್."

ಅವರಿಗೆ ಏನೂ ಅರ್ಥವಾಗಲಿಲ್ಲ. ಆದರೂ ಫೋನು ಎತ್ತಿಕೊಂಡು ಕುಲಸಚಿವರ ಕೋಣೆಗೆ ನಂಬರು ಒತ್ತಿದರು. "ಸಾರ್, ಹನ್ನೊಂದನೇ ನಿಯಮ ಒಂದ್ಸಲ ನೋಡ್ಬೇಕಿತ್ತು. ತಪ್ಪು ನಮ್ಮದೇ ಇದ್ದ ಹಾಗಿದೆ," ಎಂದರು. ಇನ್ನೊಂದು ಕೈಯಲ್ಲಿ ಪಟ್ಟಿಯನ್ನು ಮುಂದಕ್ಕೆಳೆದುಕೊಂಡು, ಅಕ್ಕನ ಹೆಸರಿನ ಕೆಳಗಿದ್ದ ಗೀಟಿನ ಕೆಳಗೆ ಪೆನ್ನಿಟ್ಟು, ನನ್ನ ಹೆಸರು ಕೇಳಿದರು.